ಹಚ್ಚೆ ಹಾಕಿಸಿಕೊಳ್ಳುವ ಮುಂಚೆ: ನಿಮ್ಮ ಪ್ರಶ್ನೆ, ಬೋರ್ಡ್ ಬರೆಯುತ್ತಿದ್ದವನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ‘ಹಚ್ಚೆ ಬಗ್ಗೆ ಕೇಳುವುದಿದ್ದರೆ ಬರೆಯಿರಿ’ ಅಂತ ಎರಡು ಸಾಲು ಹಾಕಿದ್ದರು. ಬಂದಿದ್ದನ್ನೆಲ್ಲ ಒಂದು ಕವರಿಗೆ ತುಂಬಿ ನನ್ನ ಅಂಗಡಿಗೆ ಕಳಿಸಿದ್ದಾರೆ. ನನ್ನನ್ನೇ ಯಾಕೆ ಅಂದರೆ, ನಾನು ದಾವಣಗೆರೆಯಲ್ಲಿ ಹದಿನೈದು ವರ್ಷ ಬೋರ್ಡ್ ಬರೆದವನು. ಕಿರಾಣಿ ಅಂಗಡಿ, ಲಾರಿ ಹಿಂಬದಿ, ಶಾಲೆ ಗೋಡೆ, ಯಾವುದೂ ಬಿಟ್ಟಿಲ್ಲ. ಫ್ಲೆಕ್ಸ್ ಬಂತು, ನಮ್ಮ ಬ್ರಷ್ ಒಣಗಿತು. ಬೆಂಗಳೂರಿಗೆ ಹೋಗಿ ಹಚ್ಚೆ ಕಲಿತು ಬಂದೆ. ಅದಕ್ಕೂ ಈಗ ಹನ್ನೆರಡು ವರ್ಷ ಆಯಿತು. ಡಾಕ್ಟರ್ ಅಲ್ಲ ನಾನು. ಕಾಯಿಲೆಯ ಮಾತು ಬಂದ ಕಡೆ ನಮ್ಮೂರಿನ ಚರ್ಮದ ಡಾಕ್ಟರ್ ಒಬ್ಬರನ್ನು ಕೇಳಿಕೊಂಡು ಬರೆದಿದ್ದೇನೆ.

ಅಣ್ಣಾ, ನನಗೆ 20 ವರ್ಷ. ಆರ್ಮಿಗೂ ಬಿಎಸ್‌ಎಫ್‌ಗೂ ತಯಾರಿ ಮಾಡ್ತಿದ್ದೀನಿ. ಬಲಗಡೆ ರಟ್ಟೆ ಮೇಲೆ ಆಂಜನೇಯನ ಹಚ್ಚೆ ಹಾಕಿಸಬೇಕು ಅಂತ ಆಸೆ. ದೇವರ ಚಿತ್ರ ಅಲ್ವಾ, ತೊಂದರೆ ಇಲ್ಲ ಅಂತ ಗೆಳೆಯರು ಹೇಳ್ತಾರೆ. ಹೌದಾ?
– ರಾಣೆಬೆನ್ನೂರು

ತಮ್ಮಾ, ಗೆಳೆಯರ ಮಾತು ಅರ್ಧ ಸರಿ. ಆ ಅರ್ಧವನ್ನೇ ನಂಬಿ ಕೆಲಸ ಕಳೆದುಕೊಂಡ ಹುಡುಗರನ್ನು ನಾನು ನೋಡಿದ್ದೇನೆ.

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಂಥ ಕೇಂದ್ರದ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯ ನೋಟಿಫಿಕೇಷನ್‌ನಲ್ಲಿ ಹಚ್ಚೆಗೇ ಒಂದು ಪ್ಯಾರಾ ಇದೆ. ದೇವರ ಚಿತ್ರ, ಧರ್ಮದ ಚಿಹ್ನೆ, ಹೆಸರು ಇರಬಹುದು. ಆದರೆ ಜಾಗ ಗೊತ್ತುಮಾಡಿದ್ದಾರೆ. ಎಡ ಮುಂಗೈಯ ಒಳಭಾಗ, ಇಲ್ಲವೇ ಹಸ್ತದ ಹಿಂಭಾಗ. ಎಡಗೈಯೇ ಯಾಕೆ ಅಂದರೆ ಸೆಲ್ಯೂಟ್ ಹೊಡೆಯುವುದು ಬಲಗೈಯಲ್ಲಿ. ಗಾತ್ರ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಆರ್ಮಿಯಲ್ಲೂ ಮುಂಗೈಯ ಒಳಭಾಗ, ಹಸ್ತದ ಹಿಂಭಾಗ ಬಿಟ್ಟರೆ ಬೇರೆ ಕಡೆ ಒಪ್ಪುವುದಿಲ್ಲ. ಬುಡಕಟ್ಟು ಜನರಿಗೆ ಅವರ ಪದ್ಧತಿಯಂತೆ ವಿನಾಯಿತಿ ಇದೆ, ಅದು ಬೇರೆ ಮಾತು. ಬಲ ರಟ್ಟೆ ಮೇಲಿನ ಆಂಜನೇಯ ಎರಡೂ ಕಡೆ ಹೊರಗೇ.

ಎರಡು ವರ್ಷದ ಹಿಂದೆ ನಿಮ್ಮ ಕಡೆಯ ಹುಡುಗನೊಬ್ಬ ಬಂದಿದ್ದ. ಓಟ ಪಾಸು, ಪರೀಕ್ಷೆ ಪಾಸು, ಮೆಡಿಕಲ್‌ನಲ್ಲಿ ಅಂಗಿ ಬಿಚ್ಚಿಸಿದಾಗ ರಟ್ಟೆ ಮೇಲೆ ಸಿಂಹದ ಮುಖ. ‘ಅಣ್ಣಾ, ಚರ್ಮದ ಬಣ್ಣ ಹಾಕಿ ಮುಚ್ಚಿಬಿಡಿ’ ಅಂತ ಕೈ ಹಿಡಿದುಕೊಂಡ. ಅಂಥ ಬಣ್ಣ ನನ್ನ ಹತ್ತಿರ ಇಲ್ಲ. ಬಳಿದರೂ ಮಾಸಿದ ಪೇಂಟ್ ಥರ ಎದ್ದು ಕಾಣುತ್ತದೆ, ಮೆಡಿಕಲ್ ಮಾಡುವವರು ಕುರುಡರಲ್ಲ.

ನೀನು ಭರ್ತಿಯ ಗಲಾಟೆಯೆಲ್ಲ ಮುಗಿಸಿಕೋ. ಆಂಜನೇಯ ಎಲ್ಲಿಗೂ ಹೋಗುವುದಿಲ್ಲ. ಈಗಲೇ ಬೇಕು ಅಂದರೆ ಆ ವರ್ಷದ ನೋಟಿಫಿಕೇಷನ್ ಪ್ರಿಂಟ್ ತೆಗೆದು ನೀನೇ ಓದು. ನನ್ನಂಥವನ ಬಾಯಿಮಾತು ಸಾಲದು.

ಸರ್, ನನಗೆ ಶುಗರ್ ಇದೆ. ಹಚ್ಚೆ ಹಾಕಿಸಬಹುದೇ? ವರ್ಷಕ್ಕೆರಡು ಸಲ ರಕ್ತ ಕೊಡುತ್ತೇನೆ, ಅದಕ್ಕೆ ಅಡ್ಡಿ ಆಗುತ್ತದೆಯೇ?
– ಚಿತ್ರದುರ್ಗ

ಶುಗರ್ ಹತೋಟಿಯಲ್ಲಿದ್ದರೆ ಹಾಕಿಸಬಹುದು. ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವಾಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ ನಿಮ್ಮ ಡಾಕ್ಟರಿಗೆ ತೋರಿಸಿ, ಆಮೇಲೆ ಬನ್ನಿ. ಪಾದ, ಕಣಕಾಲು ಬೇಡವೇ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಹಚ್ಚೆಗೋಸ್ಕರ ಮಾತ್ರೆ ನಿಲ್ಲಿಸುವ ಹುಚ್ಚಾಟ ಮಾಡಬೇಡಿ.

ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ. ಬ್ಲಡ್ ಬ್ಯಾಂಕಿನ ಫಾರ್ಮ್‌ನಲ್ಲೇ ಈ ಪ್ರಶ್ನೆ ಇರುತ್ತದೆ, ಸುಳ್ಳು ಬರೆಯಬೇಡಿ. ಹಾಗಾಗಿ ಮೊದಲು ರಕ್ತ ಕೊಡಿ, ಆಯಾಸವೆಲ್ಲ ಹೋದ ಮೇಲೆ ಹಚ್ಚೆಗೆ ಕೂರಿ.

ಇನ್ನೊಂದು ಮಾತು ಎಲ್ಲರಿಗೂ ಸೇರಿಸಿ. ತೊನ್ನು, ಸೋರಿಯಾಸಿಸ್ ಇರುವವರಲ್ಲಿ ಸೂಜಿ ತಾಗಿದ ಜಾಗದಲ್ಲೇ ಹೊಸ ಕಲೆ ಏಳಬಹುದು. ಗಾಯವಾದರೆ ಗಂಟು ಕಟ್ಟುವ ಮೈ ಕೆಲವರದು, ಕಿವಿ ಚುಚ್ಚಿಸಿದ ಕಡೆ ಉಬ್ಬಿದೆಯಾ ಅಂತ ನೋಡಿಕೊಂಡರೆ ಗೊತ್ತಾಗುತ್ತದೆ. ಅಂಥವರು ಬಂದರೆ ನಾನು ಟೀ ಕುಡಿಸಿ ವಾಪಸ್ ಕಳಿಸುತ್ತೇನೆ. ಬಸುರಿಯರನ್ನೂ ಅಷ್ಟೇ.

ನನ್ನ ಮಗನಿಗೆ 16 ವರ್ಷ. ಜಾತ್ರೆಯಲ್ಲಿ ಚಾಪೆ ಹಾಸಿಕೊಂಡು ಕೂತವನ ಹತ್ತಿರ 150 ರೂಪಾಯಿ ಕೊಟ್ಟು ಹಚ್ಚೆ ಹಾಕಿಸಿಕೊಂಡು ಬಂದಿದ್ದಾನೆ. ಅವರಪ್ಪ ಹೊಡೆದೂ ಆಯಿತು. ಈಗ ಏನು ಮಾಡಲಿ?
– ಹಡಗಲಿ ತಾಲ್ಲೂಕು

ಅಕ್ಕಾ, ಮೊದಲು ಅವನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ‘ನಿನಗೆ ಹಾಕುವ ಮುಂಚೆ ಸೂಜಿ ಬದಲಾಯಿಸಿದನಾ?’ ಹೊಡೆತ ತಿಂದ ಹುಡುಗ ‘ಹೂಂ’ ಅಂದುಬಿಡುತ್ತಾನೆ. ಅದಕ್ಕೇ ಸಮಾಧಾನವಾಗಿ ಕೇಳಿ ಅಂದಿದ್ದು.

ಜಾತ್ರೆಯಲ್ಲಿ ನಾನು ನಿಂತು ನೋಡಿದ್ದೇನೆ. ಒಂದೇ ಸೂಜಿ, ಒಂದೇ ಮುಚ್ಚಳದಲ್ಲಿ ಮಸಿ, ಒಂದೇ ಬಟ್ಟೆ. ಒಬ್ಬನ ಕೈ ಒರೆಸಿದ ಬಟ್ಟೆಯಲ್ಲೇ ಮುಂದಿನವನ ಕೈ ಒರೆಸುತ್ತಾರೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ, ಮೂರೂ ರಕ್ತದಿಂದ ರಕ್ತಕ್ಕೆ ದಾಟುವಂಥವು. ಎಲ್ಲರಿಗೂ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ನೋಡಿಸದೆ ಬಿಡಬಾರದು. ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮಗುವಿದ್ದಾಗ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ, ತಾಯಿ ಕಾರ್ಡ್ ತೆಗೆದು ನೋಡಿ. ಇಲ್ಲದಿದ್ದರೆ ಈಗ ಹಾಕುತ್ತಾರೆ, ಮೂರು ಡೋಸ್. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಪರೀಕ್ಷೆಯೊಂದೇ ದಾರಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಅನ್ನುವ ಸಲಹೆ-ಪರೀಕ್ಷೆ ಕೇಂದ್ರದಲ್ಲಿ ಪುಕ್ಕಟೆ, ಹೆಸರು ಗುಟ್ಟಾಗಿಡುತ್ತಾರೆ. ಈಗ ಒಮ್ಮೆ ಮಾಡಿಸಿದರೆ ಮುಗಿಯಲಿಲ್ಲ. ಸೋಂಕು ರಕ್ತದಲ್ಲಿ ಕಾಣಲು ಸಮಯ ಬೇಕು, ಮತ್ತೆ ಯಾವಾಗ ಬರಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಆ ತಾರೀಖನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಹಚ್ಚೆಯ ಮೇಲಿನ ಹಕ್ಕಳೆ ಕೀಳಲು ಬಿಡಬೇಡಿ. ಸೀಬೆಹಣ್ಣಿನ ರಸ, ಟೂತ್‌ಪೇಸ್ಟ್, ಉಪ್ಪು ಉಜ್ಜಿದರೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ಮನೆಗೆ ಸೇರಿಸಬೇಡಿ.

ಅಂದಹಾಗೆ, ಜಾತ್ರೆಯಲ್ಲಿ ಸೂಜಿಯಿಲ್ಲದ ‘ಕಪ್ಪು ಮೆಹಂದಿ’ಯನ್ನೂ ಹಾಕುತ್ತಾರೆ. ಅದು ತೊಂದರೆಯಿಲ್ಲ ಅಂದುಕೊಳ್ಳಬೇಡಿ. ಮದರಂಗಿ ಕೆಂಪು ಬಿಡುತ್ತದೆ, ಅಷ್ಟು ಕಪ್ಪು ಬಿಡುವುದಿಲ್ಲ. ಕಪ್ಪಾಗಲಿ ಅಂತ ತಲೆಗೂದಲ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಕೆಲವರಿಗೆ ಅದೇ ಚಿತ್ರದ ಆಕಾರದಲ್ಲೇ ಗುಳ್ಳೆ ಏಳುತ್ತದೆ.

ಒಳ್ಳೆಯ ಅಂಗಡಿ ಅಂತ ಗುರುತಿಸುವುದು ಹೇಗೆ? ಎಸಿ, ಗಾಜು, ಸರ್ಟಿಫಿಕೇಟ್ ಎಲ್ಲ ಎಲ್ಲ ಕಡೆಯೂ ಇರುತ್ತಲ್ಲ.
– ಹುಬ್ಬಳ್ಳಿ

ಎಸಿ, ಗಾಜು ಬಿಡಿ. ಅವನ ಮೊಬೈಲ್ ನೋಡಿ.

ಹಚ್ಚೆ ಹಾಕುತ್ತಿರುವಾಗ ಫೋನ್ ಬಂತು ಅಂದುಕೊಳ್ಳಿ. ಗ್ಲೌಸ್ ಹಾಕಿದ ಕೈಯಲ್ಲೇ ಎತ್ತಿ, ಮಾತಾಡಿ, ಜೇಬಿಗೆ ಹಾಕಿ, ಅದೇ ಕೈಯಲ್ಲಿ ನಿಮ್ಮ ತೋಳು ಹಿಡಿದರೆ ಎದ್ದು ಬನ್ನಿ. ಅರ್ಧ ಆಗಿದ್ದರೂ ಪರವಾಗಿಲ್ಲ. ಹಿಂದಿನ ಗಿರಾಕಿಯ ರಕ್ತ ಆ ಫೋನ್ ಮೇಲಿಲ್ಲ ಅಂತ ಯಾರು ಹೇಳಬೇಕು? ಇದಕ್ಕೇ ಯಾವಾಗಲೂ ಒಂದು ದಿನ ಮುಂಚೆ ಹೋಗಿ, ಬೇರೆಯವರಿಗೆ ಹಾಕುವುದನ್ನು ಅರ್ಧ ಗಂಟೆ ಸುಮ್ನೆ ಕೂತು ನೋಡಿ. ನೋಡಲು ಬಿಡದ ಅಂಗಡಿ ಬೇಡ.

ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರಿಯಬೇಕು. ಹರಿಯುವ ಮುಂಚೆ ತಗೊಂಡು ಮೇಲಿನ ತಾರೀಖು ಓದಿ. ನನ್ನ ಗಿರಾಕಿಗಳು ಕೇಳದಿದ್ದರೆ ನಾನೇ ಅವರ ಕೈಗೆ ಕೊಡುತ್ತೇನೆ. ಮಷೀನಿಗೂ ಅದರ ವೈರಿಗೂ ಪ್ಲಾಸ್ಟಿಕ್ ಸುತ್ತಿರಬೇಕು. ಮಸಿಯನ್ನು ದೊಡ್ಡ ಬಾಟಲಿಯಿಂದ ಬೆರಳ ತುದಿಯಷ್ಟು ಪುಟ್ಟ ಬಟ್ಟಲಿಗೆ ಸುರಿಯುತ್ತಾರೆ. ಉಳಿದದ್ದು ಕಸಕ್ಕೆ ಹೋಗಬೇಕು. ‘ದುಬಾರಿ ಮಸಿ ಮೇಡಂ’ ಅಂತ ವಾಪಸ್ ಬಾಟಲಿಗೆ ಸುರಿಯುವವರೂ ಇದ್ದಾರೆ.

ನೆರಳು ತುಂಬಲು ಕಪ್ಪು ಮಸಿಯನ್ನು ನೀರು ಬೆರೆಸಿ ತೆಳು ಮಾಡುತ್ತಾರೆ. ಯಾವ ನೀರು ಅಂತ ಕೇಳಿ. ನಲ್ಲಿ ನೀರಾದರೆ ಬೇಡ, ಫಿಲ್ಟರ್ ನೀರಾದರೂ ಬೇಡ, ರೋಗಾಣು ಇಲ್ಲದ ಸ್ಟೆರೈಲ್ ನೀರೇ ಆಗಬೇಕು. 2011ರ ಕೊನೆಯಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಹಚ್ಚೆ ಹಾಕಿಸಿಕೊಂಡ 19 ಜನರಿಗೆ ಚರ್ಮದ ಸೋಂಕು ಬಂತು. ಹುಡುಕಿದರೆ, ಮೊದಲೇ ತೆಳು ಮಾಡಿ ಬಾಟಲಿಗೆ ತುಂಬಿದ್ದ ಬೂದು ಮಸಿಯಲ್ಲೇ ರೋಗಾಣು. ಅಂಗಡಿ ಚೊಕ್ಕಟವಾಗಿದ್ದರೂ ಮಸಿ ಕೈಕೊಟ್ಟಿತ್ತು.

ಬಣ್ಣದ ಬಗ್ಗೆಯೂ ಒಂದು ಮಾತು. ಅಲರ್ಜಿ ಜಾಸ್ತಿ ಬರುವುದು ಕೆಂಪಿಗೆ. ಯುರೋಪಿನಲ್ಲಿ 2022ರ ಜನವರಿಯಿಂದ ಹಚ್ಚೆ ಮಸಿಯ ರಾಸಾಯನಿಕಗಳಿಗೆ ಕಟ್ಟುನಿಟ್ಟು ಮಾಡಿದರು. ಬಹಳ ಬಳಕೆಯಲ್ಲಿದ್ದ ಒಂದು ನೀಲಿ, ಒಂದು ಹಸಿರು ಮರುವರ್ಷದಿಂದ ಬಂದ್ ಆದವು. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ. ದೊಡ್ಡ ಬ್ರ್ಯಾಂಡಿನ ಖಾಲಿ ಬಾಟಲಿಗೆ ಅಗ್ಗದ ಮಸಿ ತುಂಬುವುದೂ ಉಂಟು. ಅದೂ ಅಲ್ಲದೆ ನಮ್ಮ ಗೋಧಿ, ಕಪ್ಪು ಮೈಬಣ್ಣದ ಮೇಲೆ ಹಳದಿ, ತಿಳಿ ನೀಲಿ ಎಲ್ಲ ಎರಡು ವರ್ಷದಲ್ಲಿ ಮಂಕಾಗುತ್ತವೆ. ಬಣ್ಣ ಕೂರುವುದು ಚರ್ಮದ ಕೆಳಪದರದಲ್ಲಿ. ನಮ್ಮ ಮೈಬಣ್ಣ ಅದರ ಮೇಲೆ ಗಾಜಿನ ಥರ ಇರುತ್ತದೆ. ಕಂದು ಗಾಜಿನ ಹಿಂದೆ ಹಳದಿ ಬೋರ್ಡ್ ಇಟ್ಟರೆ ಹೇಗೆ ಕಾಣುತ್ತೆ ಯೋಚನೆ ಮಾಡಿ. ನಾನಂತೂ ಕಪ್ಪೇ ಹಾಕಿಸಿ ಅನ್ನುತ್ತೇನೆ.

ಗುರುಗಳೇ, ನನ್ನ ಹುಡುಗಿಯ ಹೆಸರನ್ನು ಎದೆಯ ಮೇಲೆ ಹಾಕಿಸಬೇಕು. ಆಮೇಲೆ ಬೇಡ ಅನ್ನಿಸಿದರೆ ಲೇಸರ್ ಇದೆಯಲ್ಲ?
– ಹೆಸರು ಬೇಡ, ಹಾವೇರಿ

ಕಾಗದ ಬರೆಯುವಾಗಲೇ ಅಳಿಸುವ ಯೋಚನೆ ಬಂದಿದೆ. ಉತ್ತರ ನಿನ್ನ ಹತ್ತಿರವೇ ಇದೆಯಪ್ಪ.

ಆದರೂ ಹೇಳುತ್ತೇನೆ. ಲೇಸರ್ ಅಂದರೆ ರಬ್ಬರ್ ಅಲ್ಲ. ಮಸಿಯ ಕಣಗಳನ್ನು ನಮ್ಮ ಮೈಯ ಕಾವಲು ಕೋಶಗಳು ನುಂಗಿಕೊಂಡು ಅಲ್ಲೇ ಕೂತಿರುತ್ತವೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ನೋಡಿದ್ದೇನೆಂದರೆ, ಹಳೆಯ ಕೋಶ ಸತ್ತು ಮಸಿ ಬಿಟ್ಟುಕೊಟ್ಟರೆ ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನೇ ನುಂಗಿ ಕೂರುತ್ತದೆ. ಅಪ್ಪ ಸತ್ತರೆ ಮಗ ಅಂಗಡಿ ನಡೆಸಿದ ಹಾಗೆ. ಲೇಸರ್ ಆ ಕಣಗಳನ್ನು ಒಡೆದು ಪುಡಿ ಮಾಡುತ್ತದೆ, ಮೈ ಅದನ್ನು ನಿಧಾನಕ್ಕೆ ಸಾಗಿಸಬೇಕು. ಆರು, ಎಂಟು, ಹತ್ತು ಸಲ ಹೋಗಬೇಕಾಗುತ್ತದೆ, ನಡುವೆ ಆರೆಂಟು ವಾರ ಬಿಡುವು. ಒಂದೊಂದು ಸಲಕ್ಕೂ ಹಾಕಿಸಿದ್ದಕ್ಕಿಂತ ಜಾಸ್ತಿ ದುಡ್ಡು ಹೋಗಬಹುದು. ಕಪ್ಪು ಪರವಾಗಿಲ್ಲ, ಹಸಿರು, ಹಳದಿ ಹಟ ಮಾಡುತ್ತವೆ. ನಮ್ಮಂಥ ಕಪ್ಪು ಮೈಯವರಿಗೆ ಮಸಿ ಹೋದ ಜಾಗದಲ್ಲಿ ಬಿಳಿ ಮಚ್ಚೆ ಉಳಿಯಬಹುದು. ಆಗ ಹೆಸರು ಕಪ್ಪಿನ ಬದಲು ಬಿಳಿಯಲ್ಲಿ ಓದಿಸಿಕೊಳ್ಳುತ್ತದೆ, ಅಷ್ಟೇ.

ಮೇಲೆ ಬೇರೆ ಚಿತ್ರ ಹಾಕಿ ಮುಚ್ಚಬೇಕಾದರೆ ಹಳೆಯದರ ಎರಡು ಮೂರು ಪಟ್ಟು ದೊಡ್ಡದು, ಗಾಢವಾದದ್ದು ಬೇಕು. ನನ್ನ ಹತ್ತಿರ ಬರುವ ಹದ್ದು, ನವಿಲುಗರಿಗಳಲ್ಲಿ ಎಷ್ಟರ ಕೆಳಗೆ ಹೆಸರುಗಳು ಮಲಗಿವೆಯೋ.

ಮಗಳಿಗೆ 19. ಕೈಗೆ ಹಚ್ಚೆ ಬೇಕಂತೆ. ಮರ್ಯಾದಸ್ಥರ ಮನೆಯಲ್ಲಿ ಇದೆಲ್ಲ ಇಲ್ಲ ಅಂತ ಯಜಮಾನರು. ನೀವೇನಂತೀರಿ?
– ಬ್ಯಾಡಗಿ

ಯಜಮಾನರ ಅಜ್ಜಿಯ ಕೈ ನೆನಪು ಮಾಡಿಕೊಳ್ಳಲು ಹೇಳಿ, ಅಕ್ಕಾ.

ನನ್ನಜ್ಜಿಯ ಎರಡೂ ಮುಂಗೈ ತುಂಬ ಹಚ್ಚೆ. ಬಲಗೈಯಲ್ಲಿ ತುಳಸಿಕಟ್ಟೆ, ಎಡಗೈಯಲ್ಲಿ ಚೇಳು, ಹುಬ್ಬಿನ ನಡುವೆ ಒಂದು ಚುಕ್ಕಿ. ಹಾಕಿದಾಗ ಕಪ್ಪಿದ್ದದ್ದು ನಾನು ನೋಡುವ ಹೊತ್ತಿಗೆ ಹಸಿರಾಗಿತ್ತು. ಕೊರವಂಜಿ ಹೆಣ್ಣುಮಕ್ಕಳು ಸುಗ್ಗಿ ಮುಗಿದ ಮೇಲೆ ಊರಿಗೆ ಬರುತ್ತಿದ್ದರಂತೆ. ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಮೂರು ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುವುದು. ಹುಡುಗಿ ಅಳಬಾರದು ಅಂತ ಹಾಡು ಹೇಳುವುದು. ಕೂಲಿಗೆ ಎರಡು ಸೇರು ಜೋಳ, ಒಂದು ಹಳೇ ಸೀರೆ. ‘ಸತ್ತರೆ ಮೂಗುಬೊಟ್ಟೂ ಬಿಚ್ಚಿಕೊಳ್ತಾರೆ, ಇದನ್ನ ಯಾರು ಬಿಚ್ತಾರೆ’ ಅನ್ನುತ್ತಿದ್ದಳು ಅಜ್ಜಿ. ಅವಳನ್ನು ಮಣ್ಣು ಮಾಡುವ ದಿನ ನಾನು ನೋಡಿದ್ದು ಆ ತುಳಸಿಕಟ್ಟೆಯನ್ನೇ.

ಹಾಗಂತ ಮಗಳ ಪರ ಪೂರ್ತಿ ಮಾತಾಡುತ್ತಿಲ್ಲ. ಬೆರಳು, ಕುತ್ತಿಗೆ ಬೇಡ ಅನ್ನಿ. ಬೆರಳಿನದ್ದು ಪಾತ್ರೆ ತೊಳೆದೇ ಅಳಿಸಿಹೋಗುತ್ತದೆ, ಕುತ್ತಿಗೆಯದ್ದು ಕೆಲಸದ ಸಂದರ್ಶನದಲ್ಲಿ ಅವಳಿಗಿಂತ ಮೊದಲು ಒಳಗೆ ಹೋಗುತ್ತದೆ.

ಅಣ್ಣಾ, ನಮ್ಮವ್ವ ಹೋದ ವರ್ಷ ತೀರಿಕೊಂಡಳು. ಶಾಲೆಗೆ ಹೋದವಳಲ್ಲ. ಸ್ತ್ರೀಶಕ್ತಿ ಸಂಘಕ್ಕೆ ಸೇರಿದ ಮೇಲೆ ಸಹಿ ಕಲಿತಳು. ಸಂಘದ ಪುಸ್ತಕದಲ್ಲಿ ಅವಳ ಸಹಿ ಇದೆ. ಅದನ್ನೇ ಮಣಿಕಟ್ಟಿನ ಮೇಲೆ, ಆದಷ್ಟು ಚಿಕ್ಕದಾಗಿ, ಕೂದಲೆಳೆಯಷ್ಟು ತೆಳ್ಳಗೆ ಹಾಕಿಸಬೇಕು. ಇಲ್ಲಿನ ಅಂಗಡಿಯವನು ‘ಅಕ್ಷರ ಸೊಟ್ಟ ಇದೆ, ಕಂಪ್ಯೂಟರಲ್ಲಿ ನೀಟ್ ಮಾಡಿ ಹಾಕ್ತೀನಿ’ ಅನ್ನುತ್ತಾನೆ. ಸಹಿಯ ಫೋಟೊ ಕಳಿಸಿದ್ದೀನಿ.
– ಹರಿಹರ

ತಂಗೀ, ಫೋಟೊ ನೋಡಿದೆ. ನಾಲ್ಕು ಅಕ್ಷರದ ಹೆಸರು. ಕೊನೆಯ ‘ವ’ಕ್ಕೆ ಒತ್ತು ಕೊಡುವುದನ್ನು ಮರೆತು, ಆಮೇಲೆ ನೆನಪಾಗಿ, ಗೆರೆಯ ಕೆಳಗೆ ದೂರದಲ್ಲಿ ಹಾಕಿದ್ದಾರೆ. ಪೆನ್ ಒತ್ತಿ ಹಿಡಿದಿದ್ದಕ್ಕೆ ಆ ಒತ್ತಿನ ಬಾಲದಲ್ಲಿ ಕಾಗದ ತೂತಾಗಿದೆ. ಅದನ್ನು ನೀಟ್ ಮಾಡಿದರೆ ಉಳಿಯುವುದೇನು? ಆ ಅಂಗಡಿಗೆ ಹೋಗಬೇಡ.

ಕಂಪ್ಯೂಟರಿನ ಮಾತು ಬಂತು, ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಚ್ಚೆಗೆ ಬಂದ ಎರಡನೇ ವರ್ಷ. ಒಬ್ಬರಿಗೆ ಮುಂಗೈ ಮೇಲೆ ‘ಅಪ್ಪನ ಆಶೀರ್ವಾದ’ ಬೇಕಿತ್ತು. ಡಿಟಿಪಿ ಅಂಗಡಿಯಿಂದ ಪ್ರಿಂಟ್ ತಂದಿದ್ದರು. ನಾನು ಓದದೆ ಸ್ಟೆನ್ಸಿಲ್ (ಸೂಜಿಗೆ ಮುಂಚೆ ಮೈಮೇಲೆ ಒತ್ತುವ ಅಚ್ಚು) ಎಳೆದೆ. ಎರಡು ದಿನ ಬಿಟ್ಟು ಅವರ ಹೆಂಡತಿ ಬಂದರು: ಕೈ ಮೇಲಿರುವುದು ‘ಆಶೀವಾರ್ದ’. ಅರ್ಕಾವೊತ್ತು ಒಂದು ಅಕ್ಷರ ಮುಂದೆ ಕೂತಿತ್ತು. ಆಟೋ ಹಿಂದೆ ಇದೇ ತಪ್ಪನ್ನು ನೂರು ಸಲ ನೋಡಿ ನಕ್ಕವನು ನಾನು. ಬೋರ್ಡಿನ ಮೇಲಾಗಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯುತ್ತಿದ್ದೆ. ದುಡ್ಡು ವಾಪಸ್ ಕೊಟ್ಟೆ. ಆ ಎರಡು ಅಕ್ಷರದ ಮೇಲೆ ಎಲೆಬಳ್ಳಿ ಹಬ್ಬಿಸಿದೆ. ಅವರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೆ ಇಷ್ಟೊತ್ತಿಗೆ ಮರೆಯುತ್ತಿದ್ದೆನೇನೋ.

ಚಿತ್ರ ಮಾಡುವ ಎಷ್ಟೋ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ. ಒತ್ತಕ್ಷರ ಒಡೆದು ‘ಅಮ್ಮ’ ಹೋಗಿ ‘ಅಮ್‌ಮ’ ಆಗುತ್ತದೆ. ಕನ್ನಡ ಓದಲು ಬಾರದ ಹುಡುಗರೂ ಈ ಕೆಲಸಕ್ಕೆ ಬಂದಿದ್ದಾರೆ, ಅವರಿಗೆ ಅದು ಬರೀ ಚಿತ್ರ.

ನಿನ್ನ ಕೆಲಸಕ್ಕೆ ಆ ತೊಂದರೆ ಇಲ್ಲ, ಸಹಿಯನ್ನು ಇದ್ದ ಹಾಗೇ ಎಳೆಯಬೇಕು. ತೊಂದರೆ ಇರುವುದು ‘ಚಿಕ್ಕದು, ತೆಳ್ಳಗೆ’ ಅಂದೆಯಲ್ಲ, ಅಲ್ಲಿ. ಮಸಿ ಚರ್ಮದೊಳಗೆ ವರ್ಷ ವರ್ಷಕ್ಕೂ ಸ್ವಲ್ಪ ಹರಡುತ್ತದೆ. ಇಂಗ್ಲಿಷಿನ ಕಡ್ಡಿ ಅಕ್ಷರಕ್ಕೆ ಅದು ಅಷ್ಟು ತಾಗುವುದಿಲ್ಲ. ನಮ್ಮದು ಹೊಟ್ಟೆಯಿರುವ ಅಕ್ಷರ. ‘ವ’ದ ಹೊಟ್ಟೆ ತುಂಬಿತು ಅಂದರೆ ಅದು ಒಂದು ಮಚ್ಚೆ. ಸೊನ್ನೆ ಮುಚ್ಚಿದರೆ ಚುಕ್ಕಿ. ‘ವ’ ಮತ್ತು ಅದರ ಒತ್ತಿನ ನಡುವಿನ ಸಂದು ಮುಚ್ಚಿದರೆ ಅವ್ವನ ಮರೆವೂ ಹೋಯಿತು. ಬೋರ್ಡ್ ಬರೆಯುವಾಗ ನಮ್ಮ ಮೇಸ್ತ್ರಿ ‘ಅಕ್ಷರದೊಳಗೆ ಗಾಳಿ ಆಡಬೇಕು’ ಅನ್ನುತ್ತಿದ್ದರು. ತೊಗಲಿಗೆ ಆ ಮಾತು ಇನ್ನೂ ಜಾಸ್ತಿ. ನನ್ನ ಲೆಕ್ಕದಲ್ಲಿ ಅಕ್ಷರದ ಹೊಟ್ಟೆಯಲ್ಲಿ ಕನಿಷ್ಠ ಒಂದು ಸಾಸಿವೆ ಕಾಳು ಕೂರುವಷ್ಟು ಜಾಗ ಬೇಕು. ಸಾಸಿವೆ ಇಟ್ಟು ನೋಡು, ತಮಾಷೆ ಅಲ್ಲ.

ಜಾಗವನ್ನೂ ಸ್ವಲ್ಪ ಮೇಲಕ್ಕೆ ಸರಿಸು. ಮಣಿಕಟ್ಟಿನ ಮಡಿಕೆಯ ಮೇಲೆ ಗೆರೆ ನಿಲ್ಲುವುದಿಲ್ಲ, ಬಳೆ, ಗಡಿಯಾರ ಉಜ್ಜುತ್ತಿರುತ್ತವೆ. ಮೂರು ಬೆರಳು ಮೇಲೆ, ಮುಂಗೈ ಒಳಭಾಗ ಒಳ್ಳೆಯದು, ಬಿಸಿಲೂ ಕಡಿಮೆ. ಹಾಕಿಸಿದ ಮೇಲೆ ಎರಡು ಮೂರು ವಾರ ಹೊಳೆಯಲ್ಲಿ, ಕೆರೆಯಲ್ಲಿ ಕೈ ಅದ್ದಬೇಡ. ತುಂಗಭದ್ರೆ ಮನೆ ಹಿಂದೆಯೇ ಇದೆ ಅಂತ ಗೊತ್ತು, ಆದರೂ.

ಸಹಿಯನ್ನು ಮೊಬೈಲಲ್ಲಿ ಫೋಟೊ ತೆಗೆದು ಕೊಡಬೇಡ, ನೀನು ಕಳಿಸಿದ್ದೂ ಒಂದು ಕಡೆ ಓರೆಯಾಗಿದೆ. ಪುಸ್ತಕ ತಗೊಂಡು ಜೆರಾಕ್ಸ್ ಅಂಗಡಿಗೆ ಹೋಗು, ಸ್ಕ್ಯಾನರ್ ಮೇಲೆ ಮಟ್ಟಸವಾಗಿ ಇಡಿಸು. ಇದ್ದಷ್ಟು ಗಾತ್ರದ್ದೊಂದು, ಒಂದೂವರೆ ಪಟ್ಟಿನದ್ದೊಂದು, ಎರಡು ಪಟ್ಟಿನದ್ದೊಂದು ಪ್ರಿಂಟ್ ತೆಗೆಸು. ಕತ್ತರಿಸಿ ಒಂದೊಂದನ್ನೂ ಕೈಗೆ ಅಂಟಿಸಿಕೊಂಡು ಕೆಲವು ದಿನ ಓಡಾಡು, ಕನ್ನಡಿಯಲ್ಲಿ ಅಲ್ಲ, ಕೆಲಸ ಮಾಡುತ್ತಾ ನೋಡಿಕೋ. ಯಾವುದು ಅಂತ ಗೊತ್ತಾದ ಮೇಲೆ ಅಂಗಡಿಗೆ ಹೋಗು. ಅವನು ಸ್ಟೆನ್ಸಿಲ್ ಒತ್ತಿದ ಮೇಲೆ, ಸೂಜಿ ಮುಟ್ಟುವ ಮುಂಚೆ, ಪುಸ್ತಕ ತೆರೆದು ಪಕ್ಕಕ್ಕಿಟ್ಟು ಹೋಲಿಸು. ಒತ್ತು ಗೆರೆಯ ಕೆಳಗೆ ದೂರದಲ್ಲೇ ಇದೆಯಾ, ನೋಡು. ಹತ್ತಿರ ತಂದಿದ್ದರೆ ಅಳಿಸಿಸು. ಸ್ಪಿರಿಟ್ ಹಚ್ಚಿದರೆ ಸ್ಟೆನ್ಸಿಲ್ ಹೋಗುತ್ತದೆ.